ವೈಜನಾಥರ ಲೆನ್ಸು ಮತ್ತು ಭೋಗಿಯ ಬೋರೆಹಣ್ಣು

ಎಲ್ಲ ರಗಳೆಗೂ ಮೂಲ ಒಂದು ಬಾಳೆಗಿಡ.

ಮೊಮ್ಮಗಳು ಶಿವಗಂಗಾಳನ್ನು ತೊಟ್ಟಿಲಿಗೆ ಹಾಕಿದ ದಿನ ವೈಜನಾಥರು ತಮ್ಮ ಹೊಸ, ಅಂದರೆ ಬಹಳ ಹಳೆಯ, ಲೆನ್ಸಿನಿಂದ ಫೋಟೋ ತೆಗೆದಿದ್ದರು. ಸಿಕಂದರಾಬಾದಿನ ಕ್ಯಾಮೆರಾ ರಿಪೇರಿಯವನ ಕಪಾಟಿನಲ್ಲಿ ಧೂಳು ತಿನ್ನುತ್ತ ಕೂತಿದ್ದ ಲೆನ್ಸು ಅದು. ಗುಂಡಿ ಒತ್ತಿದರೆ ತಾನೇ ಫೋಕಸ್ ಮಾಡಿಕೊಳ್ಳುವ ಈಗಿನ ಜಾತಿಯದಲ್ಲ. ಅದರ ಮೈ ಸುತ್ತ ಒಂದು ಬಳೆ ಇರುತ್ತದೆ. ಅದನ್ನು ಕೈಯಿಂದ ತಿರುಗಿಸಿ ತಿರುಗಿಸಿ, ಎದುರಿನ ಮುಖ ಸ್ಪಷ್ಟವಾಗುವ ತನಕ ಕಾಯಬೇಕು. ದೇವರ ಮೂರ್ತಿಯಾದರೆ ಕಾಯುತ್ತದೆ, ಮಕ್ಕಳು ಕಾಯುತ್ತವೆಯೇ? ಫೋಟೋ ನೋಡಿದರೆ ತೊಟ್ಟಿಲು ಮಂಜು, ಕೂಸು ಮಂಜು, ಬಗ್ಗಿ ಕಿವಿಯಲ್ಲಿ ಹೆಸರು ಹೇಳುತ್ತಿದ್ದ ಸೋದರತ್ತೆಯೂ ಮಂಜು, ತೊಟ್ಟಿಲ ಪಕ್ಕದ ತಂದೆ ತಾಯಿಯೂ ಮಂಜು. ಹಿಂದಿನ ಕಂಬಕ್ಕೆ ಕಟ್ಟಿದ್ದ ಬಾಳೆಗಿಡ ಮಾತ್ರ ಎಲೆಯ ಗೀರು ಗೀರೂ ಎಣಿಸುವ ಹಾಗೆ ಬಂದಿತ್ತು.

ಅಳಿಯ ಮಹೇಶಕುಮಾರ ಸಂಭಾವಿತ. ರೈಲ್ವೆಯಲ್ಲಿ ಗೂಡ್ಸ್ ಗಾಡಿ ಓಡಿಸುವವನು, ಮಾತು ಕಡಿಮೆ. ಫೋಟೋಗಳನ್ನೆಲ್ಲ ಸಮಾಧಾನವಾಗಿ ನೋಡಿ, "ಬಾಳಿಗಿಡ ಭಾಳ ಚಲೋ ಬಂದೈತ್ರಿ ಮಾವಾರ" ಎಂದ. ಬೈದಿದ್ದರೆ ವೈಜನಾಥರು ಮರೆತುಬಿಡುತ್ತಿದ್ದರು. ಹೊಗಳಿಬಿಟ್ಟನಲ್ಲ, ಅದು ಎದೆಯಲ್ಲಿ ಮುಳ್ಳಾಗಿ ಕೂತಿತು.

ಈಗ ಸಂಕ್ರಾಂತಿ ಬಂತು. ಭೋಗಿಯ ಸಂಜೆ ಕೂಸಿನ ತಲೆಯ ಮೇಲೆ ಬೋರೆಹಣ್ಣು, ಚುರಮುರಿ, ಕಬ್ಬಿನ ತುಂಡು, ಹೂವಿನ ಎಸಳು, ಚಿಲ್ಲರೆ ಕಾಸು ಎಲ್ಲ ಕಲೆಸಿ ಎರೆಯುವ ಶಾಸ್ತ್ರ. ತೆಲುಗಿನವರು ಭೋಗಿಪಳ್ಳು ಎನ್ನುತ್ತಾರೆ, ನಮ್ಮವರು ಹಣ್ಣು ಎರೆಯೋದು ಎನ್ನುತ್ತಾರೆ. ಕೂಸು ಮಾತ್ರ ಎರಡೂ ಭಾಷೆಯಲ್ಲಿ ಒಂದೇ ಥರ ಅಳುತ್ತದೆ. ಶಿವಗಂಗಾಳಿಗೆ ಇದು ಮೊದಲನೆಯದು. ಅಷ್ಟರಲ್ಲಿ ಅಳಿಯನ ಫೋನು.

"ಮಾವಾರ, ಭೋಗಿ ದಿನಾನೇ ಡ್ಯೂಟಿ ಬಿದ್ದೈತ್ರಿ. ಕಾಜಿಪೇಟೆ ಕಡೆ ಹೋಗಬೇಕು. ಮಗಳಿಗೆ ಹಣ್ಣು ಎರಿಯೋದು ನೋಡಾಕ ಆಗವಲ್ದು. ನೀವು ಒಂದು ಫೋಟೋ ಕಳಸ್ರಿ, ಅದರಾಗ ನೋಡಿ ಸಮಾಧಾನ ಮಾಡ್ಕೋತೀನಿ."

ವೈಜನಾಥರು ಫೋನಿಟ್ಟು ಲೆನ್ಸು ಒರೆಸಲು ಕೂತರು. ಪಾಪ, ಹಬ್ಬದ ದಿನ ಕಲ್ಲಿದ್ದಲು ಎಳೆಯುತ್ತ ಯಾವುದೋ ಸಿಗ್ನಲ್ಲಿನಲ್ಲಿ ನಿಂತಿರುತ್ತಾನೆ. ಮಗಳ ತಲೆಯ ಮೇಲೆ ಹಣ್ಣು ಬೀಳುವ ಆ ಗಳಿಗೆಯನ್ನು ಅವನಿಗೆ ತೋರಿಸಲೇಬೇಕು. ತೋರಿಸಿ, ಬಾಳೆಗಿಡದ ಋಣವನ್ನೂ ತೀರಿಸಿಬಿಡಬೇಕು.

ಮಗಳು ಸ್ನೇಹಲತಾ ಒಂದು ಷರತ್ತು ಹಾಕಿದಳು. "ಅಪ್ಪಾ, ಆ ಹಳೇ ಲೆನ್ಸ್ ತರಬ್ಯಾಡ. ಕ್ಯಾಮೆರಾ ಜೋಡಿ ಬಂದದ್ದೈತಲ್ಲ, ತಾನ ಫೋಕಸ್ ಮಾಡೋದು, ಅದನ್ನ ತಗೊಂಡು ಬಾ. ಮಾತು ಕೊಡು."

ಕೊಟ್ಟರು. ಕೊಡುವಾಗಲೇ ಮುರಿಯುವುದೂ ಗೊತ್ತಿತ್ತು. ತಾನೇ ಫೋಕಸ್ ಮಾಡುವ ಲೆನ್ಸಿನಿಂದ ಫೋಟೋ ತೆಗೆದರೆ ಅದು ಲೆನ್ಸಿನ ಮರ್ಯಾದೆ, ವೈಜನಾಥರದು ಏನು? ಬಾಲಾನಗರದ ಕಾರ್ಖಾನೆಯಲ್ಲಿ ಅವರ ಕೆಲಸ ಇನ್‌ಸ್ಪೆಕ್ಷನ್. ಬೆಳಗಿನಿಂದ ಸಂಜೆಯ ತನಕ ಇನ್ನೊಬ್ಬರು ಮಾಡಿದ್ದನ್ನು ಅಳೆದು ತಪ್ಪು ಹಿಡಿಯುವುದು. ಅಂಥವರಿಗೆ ಉಪಾಯ ಹೊಳೆಯದೇ ಇರುತ್ತದೆಯೇ? ಕೂಸು ಕೂರುವ ಜಾಗ ಮೊದಲೇ ಅಳೆದು ಗುರುತು ಹಾಕಬೇಕು, ತಾವು ನಿಲ್ಲುವ ಜಾಗ ಗುರುತು ಹಾಕಬೇಕು, ಬಳೆಯನ್ನು ಆ ದೂರಕ್ಕೆ ತಿರುಗಿಸಿ ಸುಮ್ಮನೆ ಹಿಡಿದುಕೊಂಡಿರಬೇಕು. ಹಣ್ಣು ಬಿದ್ದಾಗ ಗುಂಡಿ ಒತ್ತಿದರೆ ಮುಗಿಯಿತು. ಸ್ವಲ್ಪ ತಾಲೀಮು ಬೇಕು, ಅಷ್ಟೇ.

ಹೆಂಡತಿ ವಿಜಯಶ್ರೀ ಮೊದಲೇ ಮಗಳ ಮನೆಗೆ ಹೋಗಿದ್ದರು. ವೈಜನಾಥರು ಸಂಜೆ ಬರುವುದೆಂದು ಮಾತಾಗಿತ್ತು. ಅವರು ಬೆಳಗ್ಗೆಯೇ ಮಲ್ಕಾಜ್‌ಗಿರಿಯಲ್ಲಿ ಇಳಿದರು. ಹೆಗಲ ಚೀಲದಲ್ಲಿ ಕ್ಯಾಮೆರಾ, ಅಳತೆ ಟೇಪು, ಸೀಮೆಸುಣ್ಣ, ಚುರಮುರಿ, ಒಂದಿಷ್ಟು ಬೋರೆಹಣ್ಣು, ಮಕ್ಕಳನ್ನು ಪುಸಲಾಯಿಸಲು ಚಾಕಲೇಟು. ಯಾವ ಪೊಲೀಸ್ ಪೇದೆಗೆ ಈ ಚೀಲ ಸಿಕ್ಕಿದ್ದರೂ ಆ ತಿಂಗಳೇ ಅವನಿಗೆ ಬಡ್ತಿ ಸಿಗುತ್ತಿತ್ತು.

ಮಗಳು ಆ ಅಪಾರ್ಟ್‌ಮೆಂಟಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ವೈಜನಾಥರ ಮುಖ ಅಲ್ಲಿ ಯಾರಿಗೂ ಪರಿಚಯವಿಲ್ಲ. ಗೇಟಿನಲ್ಲಿ ವಾಚ್‌ಮನ್ ಮೌನಪ್ಪ ಅಡ್ಡ ನಿಂತ. ರಾಯಚೂರು ಕಡೆಯವನು.

"ಯಾರ ಮನಿಗ್ರಿ?"

ಮಗಳ ಮನೆ ಎಂದರೆ ಇವನು ಇಂಟರ್‌ಕಾಮ್ ಎತ್ತುತ್ತಾನೆ, ಅವಳು ಕೆಳಗೆ ಬರುತ್ತಾಳೆ, ಚೀಲ ಬಿಚ್ಚಿಸುತ್ತಾಳೆ. ವೈಜನಾಥರು ಹಿಂದೆಮುಂದೆ ನೋಡದೆ, "ಬಾಡಿಗಿ ಮನಿ ನೋಡಾಕ ಬಂದೀನಪಾ" ಎಂದರು.

"ಖಾಲಿ ಯಾವುದೂ ಇಲ್ರೀ."

"ಖಾಲಿ ಆಗೋದು ಐತಲ್ಲ, ಅದು."

ಮೌನಪ್ಪನಿಗೆ ಅವಮಾನವಾಯಿತು. ವಾಚ್‌ಮನ್‌ಗೆ ಗೊತ್ತಿಲ್ಲದೆ ಈ ಬಿಲ್ಡಿಂಗಿನಲ್ಲಿ ಖಾಲಿ ಮಾಡುವವರು ಯಾರು? ಕೇಳಿಯೇ ಬಿಡೋಣ ಎಂದು ಮಹಡಿ ಹತ್ತಿದ. ವೈಜನಾಥರು ಸೆಲ್ಲಾರಿಗೆ ನುಸುಳಿದರು.

ಸೆಲ್ಲಾರೆಂದರೆ ಕಂಬಗಳ ನಡುವೆ ಕಾರು ನಿಲ್ಲಿಸುವ ಜಾಗ. ಸಂಜೆಯ ಶಾಸ್ತ್ರ ಅಲ್ಲೇ. ಒಂದು ಕಡೆ ಗೇಟು, ಅದರಾಚೆ ರಸ್ತೆ. ನಡುವಿನ ಕಾರುಗಳನ್ನು ತೆಗೆಸಿ ಕಂಬಕ್ಕೆ ಸೇವಂತಿಗೆ ಸರ ಸುತ್ತಿದ್ದರು. ವೈಜನಾಥರು ಟೇಪು ಎಳೆದರು, ಅಳೆದರು, ಮತ್ತೆ ಅಳೆದರು. ಕೂಸು ಕೂರುವಲ್ಲಿ ಸೀಮೆಸುಣ್ಣದಿಂದ ದುಂಡನೆಯ ವೃತ್ತ ಬರೆದರು. ತಾವು ನಿಲ್ಲುವಲ್ಲಿ ಒಂದು ಗೀಟು. ಇನ್ನು ತಾಲೀಮಿಗೆ ತಲೆಗಳು ಬೇಕು. ಗಾಳಿಪಟ ಹಿಡಿದು ಓಡಾಡುತ್ತಿದ್ದ ಮಕ್ಕಳ ಹಿಂಡೊಂದು ಅತ್ತಲೇ ಬಂತು.

"ಏ ಮಕ್ಕಳ್ರ್ಯಾ, ಇಲ್ಲಿ ಬರ್ರಿ. ಚಾಕಲೇಟ್ ಬೇಕೇನು?"

ಅಪರಿಚಿತ ಗಂಡಸೊಬ್ಬ ಸೆಲ್ಲಾರಿನ ಮಬ್ಬಿನಲ್ಲಿ ನಿಂತು ಆಡಬಾರದ ಮಾತು ಇದೊಂದೇ. ಆದರೆ ಕ್ಯಾಮೆರಾ ಕೈಗೆ ಬಂದಾಗ ವೈಜನಾಥರಿಗೆ ಬುದ್ಧಿ ಚೀಲಕ್ಕೆ ಹೋಗುತ್ತಿತ್ತು. ಒಂದು ಮಗುವನ್ನು ವೃತ್ತದಲ್ಲಿ ಕೂರಿಸಿದರು. ಇನ್ನೊಂದರ ಕೈಗೆ ಹಣ್ಣು, ಚುರಮುರಿ ಕೊಟ್ಟು, "ಅದರ ತಲಿ ಮ್ಯಾಲೆ ಹಾಕು. ಹಾಂ, ನಿಧಾನ. ಇನ್ನೊಮ್ಮೆ. ನಡು ನೆತ್ತಿ ಮ್ಯಾಲೆ ಬೀಳಬೇಕು" ಎನ್ನುತ್ತ ಕ್ಲಿಕ್ಕಿಸಿದರು. ಮಕ್ಕಳಿಗೆ ಖುಷಿಯೋ ಖುಷಿ. ಒಂದೂ ಕೂತಲ್ಲಿ ಕೂರಲಿಲ್ಲ. ವೈಜನಾಥರು ಬಳೆ ತಿರುಗಿಸಿದರು, ಕ್ಲಿಕ್ಕಿಸಿದರು, ತಿರುಗಿಸಿದರು.

ಮೊದಲ ಮಹಡಿಯ ಮೃಣಾಲಿನಿ ಕಾಂಪೌಂಡಿನ ಕಡೆಯಿಂದ ಕೈ ಝಾಡಿಸಿಕೊಂಡು ಬರುತ್ತಿದ್ದವರು ನಿಂತಲ್ಲೇ ನಿಂತರು. ನೆಲದ ಮೇಲೆ ವೃತ್ತ. ನಡುವೆ ಮಗು. ಮಗುವಿನ ನೆತ್ತಿಯ ಮೇಲೆ ಚುರಮುರಿ. ಎದುರಿಗೆ ಕಪ್ಪು ಪೆಟ್ಟಿಗೆ ಹಿಡಿದು ಮಣಮಣ ಅನ್ನುತ್ತಿರುವ ಮನುಷ್ಯ. ಬಿಲ್ಡಿಂಗಿನ ವಾಟ್ಸಾಪ್ ಗುಂಪು ಅವರ ಕೈಯಲ್ಲೇ ಇತ್ತು. "ಸೆಲ್ಲಾರಿನಲ್ಲಿ ಯಾರೋ ಮಾಂತ್ರಿಕ ಬಂದಿದ್ದಾನೆ. ಮಕ್ಕಳನ್ನು ಒಳಗೆ ಕರೆದುಕೊಳ್ಳಿ. ಯಾರೂ ಹೆದರಬೇಡಿ. ಆದರೆ ಹೆದರುವ ವಿಷಯವೇ" ಎಂದು ಬರೆದು ಕಳಿಸಿ, ಆಮೇಲೆ ಹತ್ತಿರ ಹೋದರು.

"ಯಾರ್ರೀ ನೀವು? ಮಕ್ಕಳಿಗೆ ಏನು ಮಾಡಾಕತ್ತೀರಿ?"

"ಸಾಲಿ ಫೋಟೋದವ್ರೀ. ಐಡಿ ಕಾರ್ಡಿಗೆ."

"ಭೋಗಿ ದಿನ? ಸಾಲಿ ಸೂಟಿ ಇದ್ದಾಗ? ತಲಿ ಮ್ಯಾಲೆ ಚುರಮುರಿ ಹಾಕಿ?"

ಅಷ್ಟರಲ್ಲಿ ಮೌನಪ್ಪನ ಹೆಂಡತಿ ಹುಸೇನಮ್ಮ ಕಸಬರಿಗೆ ಹಿಡಿದು ಬಂದಳು. ವೃತ್ತ ನೋಡಿದ್ದೇ ಕಸಬರಿಗೆ ಕೆಳಗೆ ಬಿತ್ತು.

"ಯವ್ವಾ! ಮಾಟಕ್ಕ ಮಂಡ್ಲ ಬರದಾನವ್ವೋ!"

"ಮಾಟ ಅಲ್ಲವ್ವ, ರಂಗೋಲಿ!"

"ಎಂಥಾ ರಂಗೋಲಿ? ನಡುವ ಒಂದು ಚುಕ್ಕಿನೂ ಇಲ್ಲ. ನಾ ಹುಟ್ಟಿದಾಗಿಂದ ಇಂಥಾದ್ದು ನೋಡಿಲ್ಲ." ಅವಳು ಅರಿಶಿನದ ನೀರು ತರಲು ಓಡಿದಳು. ಬಂದವಳೇ ಬಕೆಟ್ ಸುರಿದು, ವೃತ್ತ, ಗೀಟು, ಅಳತೆ ಎಲ್ಲವನ್ನೂ ತೊಳೆದು ಹಾಕಿದಳು. ವೈಜನಾಥರ ಬೆಳಗಿನ ಶ್ರಮ ಹಳದಿ ನೀರಾಗಿ ಮೋರಿಗೆ ಹರಿಯಿತು.

ಗದ್ದಲ ಕೇಳಿ ಅದೇ ಬಿಲ್ಡಿಂಗಿನ ಅಂಬಾದಾಸರು ಬಂದರು. ಸೀರೆ ವ್ಯಾಪಾರದವರು. ಅವರ ಕಣ್ಣು ಮಾಟದ ಮೇಲೆ ಬೀಳಲಿಲ್ಲ, ವೈಜನಾಥರ ಜೇಬಿನಿಂದ ಜೋತಾಡುತ್ತಿದ್ದ ಟೇಪಿನ ಮೇಲೆ ಬಿತ್ತು. ಮುಖ ಹುಳ್ಳಗಾಯಿತು.

"ಅಳತಿ ಯಾಕ ತಗೊಳ್ಳಾಕತ್ತೀರಿ?"

"ಟೈಲ್ಸ್ ಹಾಕಾಕ್ರಿ."

"ಯಾರು ಹೇಳ್ಯಾರ?"

"ಸೆಕ್ರೆಟರಿ."

ಸೆಕ್ರೆಟರಿ ಸುಬ್ಬರಾಯರು ಅಂಬಾದಾಸರ ಹಿಂದೆಯೇ ನಿಂತಿದ್ದರು. ತೆಲುಗಿನವರು, ಕನ್ನಡ ಅರ್ಧಂಬರ್ಧ. "ನೇನಾ? ನಾನು ಏನೂ ಹೇಳಿಲ್ಲಂಡಿ!" ಎಂದು ಕೂಗಿಯೇಬಿಟ್ಟರು. ಅದೇ ಹೊತ್ತಿಗೆ ಮೌನಪ್ಪ ಏದುಸಿರು ಬಿಡುತ್ತ ಇಳಿದು ಬಂದ. "ಯಾರೂ ಮನಿ ಖಾಲಿ ಮಾಡವಲ್ರು ಸಾರ್! ಇವ್ರು ನನಗ ಬಾಡಿಗಿ ಮನಿ ಅಂದ್ರು!"

"ನನಗ ಸಾಲಿ ಫೋಟೋ ಅಂದ್ರು!" ಮೃಣಾಲಿನಿ.

"ನನಗ ರಂಗೋಲಿ!" ಹುಸೇನಮ್ಮ.

ಸುಳ್ಳುಗಳೆಲ್ಲ ಒಂದೇ ಕಡೆ ಸೇರಿ ಒಂದನ್ನೊಂದು ಮಾತಾಡಿಸತೊಡಗಿದವು. ಮಕ್ಕಳನ್ನು ಕದಿಯುವವನೆಂದು ಯಾವನೋ ಒಬ್ಬ ಕೂಗಿದರೆ ಸಾಕು, ಕೇಳುವ ಮೊದಲೇ ನಾಲ್ಕು ಬೀಳುತ್ತವೆ. ಇನ್ನು ನಿಜ ಹೇಳದೆ ದಾರಿಯಿಲ್ಲ.

"ನಾನು ಸ್ನೇಹಲತಾನ ಅಪ್ಪ ರೀ! ಮಹೇಶಕುಮಾರನ ಮಾವ! ಮೂರನೇ ಮಹಡಿ!"

ಬೆಳಗಿನಿಂದ ಹೇಳಿದ್ದರಲ್ಲಿ ಇದೊಂದೇ ನಿಜ, ಇದೊಂದನ್ನೇ ಯಾರೂ ನಂಬಲಿಲ್ಲ. "ನೋಡ್ರಿ, ಮನೆಯವರ ಹೆಸರೆಲ್ಲ ತಿಳ್ಕೊಂಡೇ ಬಂದಾನ" ಎಂದರು ಮೃಣಾಲಿನಿ. ಇಂಟರ್‌ಕಾಮ್ ಮಾಡಿದರೆ ಯಾರೂ ಎತ್ತಲಿಲ್ಲ. ತಾಯಿ ಮಗಳು ಕೂಸನ್ನು ಎತ್ತಿಕೊಂಡು ಹೂವಿನ ಬಜಾರಿಗೆ ಹೋಗಿದ್ದರಂತೆ. ವೈಜನಾಥರು ತಮ್ಮ ಗುಂಡಿ ಒತ್ತುವ ಹಳೇ ಫೋನಿನಿಂದ ಇಬ್ಬರಿಗೂ ಫೋನ್ ಮಾಡಿದರು. ಚೌಕಾಸಿಗೆ ನಿಂತ ಹೆಂಗಸರು ಫೋನ್ ಎತ್ತಿದ್ದು ಎಲ್ಲಾದರೂ ಉಂಟೇ? ಮೌನಪ್ಪ ಮಹೇಶಕುಮಾರನಿಗೇ ಹಚ್ಚಿದ. ಸ್ವಿಚ್ ಆಫ್. ಗಾಡಿ ಓಡಿಸುವವರು ಡ್ಯೂಟಿಯಲ್ಲಿ ಫೋನ್ ಬಂದ್ ಇಡಬೇಕು ಎಂಬುದು ಮಲ್ಕಾಜ್‌ಗಿರಿಯಲ್ಲಿ ಮಕ್ಕಳಿಗೂ ಗೊತ್ತು.

"ನನ್ನ ಕ್ಯಾಮೆರಾದಾಗ ಮಗಳ ಫೋಟೋ ಐತಿ, ನೋಡ್ರಿ ಬೇಕಾದ್ರ!" ವೈಜನಾಥರು ತೊಟ್ಟಿಲ ಫೋಟೋ ತೆಗೆದು ಕೊಟ್ಟರು.

ಅಂಬಾದಾಸರು ಕನ್ನಡಕ ಏರಿಸಿ ನೋಡಿದರು. "ಇದು ಸ್ನೇಹಲತಾ ಏನ್ರಿ?"

"ಹೌದ್ರಿ."

"ಹೊಗಿ ಐತಲ್ರಿ ಬರೇ. ಒಂದು ಬಾಳಿಗಿಡ ಕಾಣ್ತೈತಿ."

"ಮುಂದಿಂದು ತೋರಸ್ರಿ. ನಮ್ಮ ಮಕ್ಕಳ್ದು ಏನು ತಗದಾನ ನೋಡೋಣು" ಎಂದು ಮೃಣಾಲಿನಿ ಕ್ಯಾಮೆರಾ ಕಸಿದುಕೊಂಡರು. ಎಲ್ಲರೂ ಮುತ್ತಿದರು.

ಮೊದಲನೆಯದರಲ್ಲಿ ಮಕ್ಕಳೆಲ್ಲ ಹತ್ತಿಯ ಉಂಡೆಗಳು. ಅವರ ಹಿಂದೆ ಸೆಲ್ಲಾರಿನ ಮೂಲೆಯಲ್ಲಿ ಅಂಬಾದಾಸರು ಸದ್ದಿಲ್ಲದೆ ಕಟ್ಟಿಸಿಕೊಂಡಿದ್ದ ಗೋಡೆ, ಅರೆ ತೆರೆದ ಬಾಗಿಲು, ಒಳಗೆ ಸೂರಿನ ತನಕ ಸೀರೆಯ ಗಂಟು. ಒಂದೊಂದು ಇಟ್ಟಿಗೆಯೂ ಸ್ಪಷ್ಟ. ಬಾಗಿಲಿಗೆ ಕಾರಿನ ಹೊದಿಕೆ ಹಾಕಿ ಇಷ್ಟು ದಿನ ಮರೆಮಾಡಿದ್ದು ಇವತ್ತೇ ಸರಿದಿತ್ತು.

ಎರಡನೆಯದರಲ್ಲಿ ಎಲ್ಲರ ಪಾಲಿನ ನೀರಿನ ತೊಟ್ಟಿಯಿಂದ ಹಸಿರು ಪೈಪೊಂದು ಕಂಬದ ಹಿಂದೆ ಹಾವಿನ ಹಾಗೆ ಹರಿದು ಸುಬ್ಬರಾಯರ ಕಾರಿನ ತನಕ ಹೋಗಿತ್ತು. ನೀರಿಲ್ಲ, ಯಾರೂ ಕಾರು ತೊಳೆಯಬೇಡಿ ಎಂದು ವಾರಕ್ಕೊಮ್ಮೆ ಗುಂಪಿನಲ್ಲಿ ಬರೆಯುವವರು ಇದೇ ಸುಬ್ಬರಾಯರು.

ಮೂರನೆಯದರಲ್ಲಿ ಕಾಂಪೌಂಡ್ ಗೋಡೆ. ಅದರ ಮೇಲಿಂದ ಪಕ್ಕದ ಖಾಲಿ ಸೈಟಿಗೆ ಕಸದ ಚೀಲ ಹಾರುತ್ತಿತ್ತು. ಚೀಲದ ಹಿಂದೆ ಒಂದು ಕೈ. ಬಳೆಗಳನ್ನು ಕುಳಿತು ಎಣಿಸಬಹುದಿತ್ತು. ಮೃಣಾಲಿನಿ ತಮ್ಮ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು.

ಎಲ್ಲರೂ ಒಟ್ಟಿಗೇ ದನಿ ಎತ್ತಿದರು.

"ಸುಬ್ಬರಾಯರ, ಇದೇನ್ರಿ ಪೈಪು? ನಾವು ಬಕೆಟ್ ನೀರಿನಾಗ ಜಳಕ ಮಾಡಬೇಕು, ನಿಮ್ಮ ಕಾರು ಪೈಪಿನಾಗೇನು?"

"ಅಂಬಾದಾಸಗಾರು, ನಿಮ್ಮ ಗೋಡೆ ಯಾರು ಕಟ್ಟಮನ್ನಾರಂಡಿ? ಪಾರ್ಕಿಂಗ್ ಏನು ನಿಮ್ಮ ತಾತನ ಆಸ್ತಿನಾ?"

"ಸ್ವಚ್ಛ ಬಿಲ್ಡಿಂಗ್ ಅಂತ ದಿನಾ ಮೆಸೇಜ್ ಹಾಕೋರು ಇವ್ರ ನೋಡ್ರಿ!"

ವೈಜನಾಥರನ್ನು ಎಲ್ಲರೂ ಮರೆತರು. ಅವರು ಚೀಲ ಎತ್ತಿಕೊಂಡು ಮೆಲ್ಲಗೆ ಜಾರಿಕೊಳ್ಳುವವರಿದ್ದರು. ಆಗಲೇ ಅಂಬಾದಾಸರಿಗೆ ಜ್ಞಾನೋದಯವಾಯಿತು. ಅವರು ಉಳಿದವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಸುಮ್ನಿರ್ರಿ! ಟೇಪು, ಕ್ಯಾಮೆರಾ, ತಪ್ಪು ಇದ್ದಲ್ಲೇ ಫೋಟೋ. ಮಕ್ಕಳು ಬರೇ ನೆಪ. ಈ ಮನಷ್ಯಾ ಮುನ್ಸಿಪಾಲ್ಟಿಯವ!"

ಎಲ್ಲರ ಮುಖದ ಬಣ್ಣ ಇಳಿಯಿತು. ಒಂದು ಪ್ಲ್ಯಾಸ್ಟಿಕ್ ಕುರ್ಚಿ ಬಂತು. ಸುಬ್ಬರಾಯರು ತಾವೇ ಚಹಾ ತಂದರು. ಮೃಣಾಲಿನಿಯ ಮನೆಯಿಂದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಬೆಣ್ಣೆ ಇಳಿದು ಬಂದವು.

"ಗೋಡಿ ಏನ್ರಿ ಸಾಹೇಬ್ರ, ತಾತ್ಕಾಲಿಕ. ನಾಳೆ ಅಂದ್ರ ನಾಳೆ ಬೀಳಸ್ತೀನಿ" ಅಂಬಾದಾಸರು ಕೈಮುಗಿದರು.

"ನಾ ಸಾಹೇಬ ಅಲ್ರೀ! ಬಾಲಾನಗರದಾಗ ಕಾರ್ಖಾನಿ ನೌಕರಿ!"

"ಯಾವ ಸೆಕ್ಷನ್ನಂಡಿ?" ಸುಬ್ಬರಾಯರು ಅಡ್ಡ ಸವಾಲು ಹಾಕಿದರು.

"ಇನ್‌ಸ್ಪೆಕ್ಷನ್."

ಸುಬ್ಬರಾಯರು ಕಣ್ಣು ಮುಚ್ಚಿಕೊಂಡರು. ಅಂಬಾದಾಸರು ಇನ್ನೊಂದು ರೊಟ್ಟಿ ಬಡಿಸಿದರು. ಹಸಿದಿದ್ದ ವೈಜನಾಥರು, ನ್ಯಾಯ ಆಮೇಲೆ ನೋಡೋಣವೆಂದು ಎಣ್ಣೆಗಾಯಿಗೆ ಕೈ ಹಾಕಿದರು. ಎರಡನೆಯ ತುತ್ತು ಬಾಯಲ್ಲಿದ್ದಾಗ ಗೇಟಿನಲ್ಲಿ ಆಟೋ ನಿಂತಿತು.

"ಅಪ್ಪಾ!"

"ಏನ್ರೀ ನೀವು! ಇಲ್ಲಿ ಕುಂತು ಯಾರ ಮನಿ ರೊಟ್ಟಿ ತಿನ್ನಾಕತ್ತೀರಿ?"

ಮುಂದಿನದು ಹೇಳುವುದೇ ಬೇಡ. ಸಾಹೇಬರು ಮಾವನಾಗಿ ಇಳಿದರು. ಬಡಿಸಿದ್ದನ್ನು ವಾಪಸ್ ಕೇಳುವಂತಿರಲಿಲ್ಲ, ಹಾಗಾಗಿ ಮೂವರೂ ಫೋಟೋಗಳನ್ನು ವಾಪಸ್ ಕೇಳಿದರು. ವೈಜನಾಥರು ಎಲ್ಲರ ಮುಂದೆಯೇ ಒಂದೊಂದಾಗಿ ಅಳಿಸಿದರು. ಅಂಬಾದಾಸರು ಮಾತ್ರ ಸ್ನೇಹಲತಾಳಿಗೆ, "ಅಪ್ಪಾರು ಭಾಳ ಸಭ್ಯಸ್ತರು ಕಾಣ್ತಾರವ್ವ, ಆದ್ರೂ ಒಂಚೂರು ನಿಗಾ ಇರಲಿ" ಎಂದು ಹೇಳಿಯೇ ಹೋದರು.

ಸ್ನೇಹಲತಾಳ ಕಣ್ಣಲ್ಲಿ ನೀರಿತ್ತು. "ಮಾತು ಕೊಟ್ಟಿದ್ದಿ ಅಪ್ಪಾ. ಮತ್ತ ಅದೇ ಲೆನ್ಸ್ ತಂದೀಯಲ್ಲ."

"ತಪ್ಪಾತವ್ವ. ಆದ್ರ ನಿನ್ನ ಗಂಡ ಹಬ್ಬದ ದಿನ ಒಬ್ಬನೇ ಗಾಡ್ಯಾಗ ಕುಂತಾನ. ಅವಂಗ ಒಂದು ಖರೇ ಅಂದ್ರ ಖರೇ ಫೋಟೋ ಕಳಸಬೇಕು ಅನಿಸ್ತು. ಆಗ ಬಾಳಿಗಿಡ ತೋರಿಸಿದೆ. ಈಗ ಮಗಳ ಮುಖ ತೋರಸಬೇಕವ್ವ ನಾ. ಇದೊಂದು ಸಲ."

ಗಂಡನ ಹೆಸರು ಬಂದದ್ದೇ ಮಗಳು ಕರಗಿದಳು. "ಆತು. ಯಾರನ್ನೂ ನಿಂದ್ರು, ಕುಂದ್ರು ಅಂತ ಕಾಡಬ್ಯಾಡ ಮತ್ತ."

ವಿಜಯಶ್ರೀ ಕರಗಲಿಲ್ಲ. "ನಿಮ್ಮನ್ನ ನಂಬಿ ಕುಂತ್ರ ಕೂಸು ದೊಡ್ಡದಾಗಿ ಮದುವಿ ಆಗ್ತೈತಿ. ನಾನೂ ನನ್ನ ಫೋನಿನಾಗ ವಿಡಿಯೋ ತಗೀತೀನಿ" ಎಂದರು. ಫೋನಿನ ಹೆಸರು ಕೇಳಿ ವೈಜನಾಥರು ಮೂಗು ಮುರಿದರು.

ಸಂಜೆ ಸೆಲ್ಲಾರು ತುಂಬಿತು. ಅಂಬಾದಾಸರ ಮೂಲೆಗೆ ಅಡ್ಡವಾಗಿ ಜಮಖಾನೆ ತೂಗುಬಿದ್ದಿತ್ತು, ಹಸಿರು ಪೈಪು ಮಾಯವಾಗಿತ್ತು. ಗೇಟು ಹಾರುಹೊಡೆದು ತೆರೆದಿದ್ದರು. ಶಿವಗಂಗಾ ಹೊಸ ಪರಕಾರ ಹಾಕಿಕೊಂಡು ಮಣೆಯ ಮೇಲೆ ಕೂತಳು. ವೃತ್ತ ಅಳಿಸಿಹೋಗಿದ್ದರಿಂದ ವೈಜನಾಥರು ನೆನಪಿನ ಮೇಲೆಯೇ ನಿಂತರು, ನೆನಪಿನ ಮೇಲೆಯೇ ಬಳೆ ತಿರುಗಿಸಿದರು. ವಿಜಯಶ್ರೀ ಪಕ್ಕದಲ್ಲೇ ಫೋನು ಎತ್ತಿ ಹಿಡಿದರು. ಮುತ್ತೈದೆಯರು ಬೊಗಸೆ ತುಂಬಿಕೊಂಡು ಬಂದರು. ಹಣ್ಣು, ಹೂವು, ಕಾಸು ಎಲ್ಲ ಒಟ್ಟಿಗೆ ಸುರಿಯಿತು. ಕಾಸಿಗಾಗಿ ಮುಗಿಬಿದ್ದ ಮಕ್ಕಳಲ್ಲಿ ಯಾವುದೋ ಒಂದು ವೈಜನಾಥರ ಮೊಣಕೈಗೆ ಢಿಕ್ಕಿ ಹೊಡೆಯಿತು. ಬಳೆ ಸರ್ರನೆ ಕೊನೆಯ ತನಕ ತಿರುಗಿತು. ಅದೇ ಗಳಿಗೆಯಲ್ಲಿ ಬೆರಳು ಗುಂಡಿ ಒತ್ತಿತು.

ಅವರು ಪರದೆ ನೋಡಿದರು.

ಕೂಸು ಇರಬೇಕಾದಲ್ಲಿ ಬಿಳಿ ಮಂಜು. ಮಂಜಿನ ಮೇಲೆ ತೆರೆದ ಗೇಟು, ಗೇಟಿನಾಚೆ ರಸ್ತೆ, ರಸ್ತೆಯಾಚೆ ಚಹಾದಂಗಡಿ. ಅಂಗಡಿಯ ಮುಂದೆ, ಇಳಿಬಿಸಿಲು ಮುಖದ ಮೇಲೆ ಬಿದ್ದು, ಚೌಕಳಿ ಅಂಗಿ ತೊಟ್ಟ ಒಬ್ಬ ಮನುಷ್ಯ. ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ಅರ್ಧ ಅದ್ದಿದ ಉಸ್ಮಾನಿಯಾ ಬಿಸ್ಕೀಟು. ಮೀಸೆಯ ಕೂದಲು ಕೂದಲೂ ಸ್ಪಷ್ಟ. ಇಷ್ಟು ಚಂದದ ಫೋಟೋವನ್ನು ವೈಜನಾಥರು ಜನ್ಮದಲ್ಲಿ ತೆಗೆದಿರಲಿಲ್ಲ.

ಅದು ಕಾಜಿಪೇಟೆಯಲ್ಲಿ ಇರಬೇಕಾದ ಅಳಿಯ ಮಹೇಶಕುಮಾರ.

"ಬಂತೇನ್ರಿ? ತೋರಸ್ರಿ!" ಜನ ಮುತ್ತಿತು. ಸ್ನೇಹಲತಾ ಕೂಸನ್ನು ಎತ್ತಿಕೊಂಡು ಹತ್ತಿರ ಬರುತ್ತಿದ್ದಳು. ವೈಜನಾಥರು ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡರು. ಬೆಳಗಿನಿಂದ ಮುಚ್ಚಿಡುವಂಥದ್ದು ಏನೂ ಇಲ್ಲವೆಂದು ಕಂಡಕಂಡವರಿಗೆ ತೋರಿಸಿದ್ದಾಗಿತ್ತು. ಈಗ ಮುಚ್ಚಿಡುವಂಥದ್ದು ಬಂದು ಕೂತಿತ್ತು. "ಬ್ಯಾಟರಿ! ಬ್ಯಾಟರಿ ತರ್ತೀನಿ!" ಎಂದು ಕೂಗಿ ಗೇಟಿನಾಚೆ ಓಡಿದರು. ಹಿಂದಿನಿಂದ ಅಂಬಾದಾಸರು ಯಾರಿಗೋ, "ಏನೋ ಐತಿ ನೋಡ್ರಿ" ಎನ್ನುವುದು ಕೇಳಿಸಿತು.

ಮಾವನನ್ನು ಕಂಡದ್ದೇ ಮಹೇಶಕುಮಾರನ ಬಿಸ್ಕೀಟು ಚಹಾದಲ್ಲಿ ಮುಳುಗಿತು.

"ಮಾವಾರ... ತಪ್ಪಾತ್ರಿ."

"ಡ್ಯೂಟಿ?"

"ಇಲ್ರಿ."

ವೈಜನಾಥರ ತಲೆಯಲ್ಲಿ ಏನೇನೋ ಓಡಿತು. ಬೇರೆ ಸಂಸಾರ? ಇಸ್ಪೀಟು? ನೌಕರಿಯೇ ಹೋಯಿತೇ? "ಖರೇ ಹೇಳ್ರಿ. ನನ್ನ ಮಗಳ ಬಾಳೇವು ಐತಿ ಇದು. ಯಾಕ ಸುಳ್ಳು ಹೇಳಿದ್ರಿ?"

ಅಳಿಯ ತಲೆ ತಗ್ಗಿಸಿದ. "ಸಿಟ್ಟಾಗಬ್ಯಾಡ್ರಿ ಮಾವಾರ. ನಿಮ್ಮ ಫೋಟೋಕ ಅಂಜಿ ಹೇಳಿದೆ."

"ಏನು?"

"ತೊಟ್ಟಲ ದಿನ ನನ್ನ ಕೈಯಾಗ ತೊಟ್ಟಲ ಹಗ್ಗ ಕೊಟ್ಟು, ಬಗ್ಗಿ ನಿಂದ್ರಿ, ಅಲುಗಾಡಬ್ಯಾಡ್ರಿ, ಫೋಕಸ್ ಆಗಾಕತ್ತೈತಿ ಅಂದ್ರಿ. ಕೂಸು ಮಲಗಿ ಎದ್ದು ಹಾಲು ಕುಡೀತು. ಎರಡು ಪಂಕ್ತಿ ಊಟ ಆತು. ನೀವು ಬಳಿ ತಿರುವಾಕತ್ತಿದ್ರಿ, ನಾ ಬಗ್ಗೇ ಇದ್ದೆ. ಹೋಳಿಗಿ ಮುಗದು ನನಗ ಬರೇ ಅನ್ನ ಸಾರು ಸಿಕ್ತು. ಸೊಂಟ ಇನ್ನೂ ಹಿಡಕೊಂಡೈತ್ರಿ. ಇವತ್ತೂ ಅದೇ ಆಗ್ತೈತಿ ಅಂತ ಡ್ಯೂಟಿ ಅಂದುಬಿಟ್ಟೆ. ಆದ್ರ ಮಗಳ ನೋಡದ ಇರಾಕ ಆಗಲಿಲ್ಲ. ಅದಕ್ಕ ಇಲ್ಲಿಂದ ನೋಡಾಕತ್ತಿದ್ದೆ."

ವೈಜನಾಥರಿಗೆ ಎಲ್ಲಿ ಹೊಡೆಯಿತೆಂದು ಹೇಳುವುದು ಕಷ್ಟ. ಯಾವನ ಸಲುವಾಗಿ ಬೆಳಗಿನಿಂದ ಮಾಂತ್ರಿಕ, ಮಕ್ಕಳ ಕಳ್ಳ, ಮುನ್ಸಿಪಾಲಿಟಿಯವ ಎಲ್ಲ ಆದರೋ ಅವನು ಓಡಿಹೋದದ್ದು ತಮ್ಮಿಂದಲೇ. ಕಣ್ಣು ತುಂಬಿತು. ಅಳಿಯನ ಎರಡೂ ಕೈ ಹಿಡಿದುಕೊಂಡರು.

"ಇದು ನಮ್ಮಿಬ್ಬರಲ್ಲೇ ಇರಲಿ. ಸ್ನೇಹಾಗ ಗೊತ್ತಾದ್ರ ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ. ಡ್ಯೂಟಿ ಮುಗೀತು ಅಂತ ನೀವು ರಾತ್ರಿ ಬರ್ರಿ. ಈ ಫೋಟೋ ನಾ ಅಳಸ್ತೀನಿ."

ಮಹೇಶಕುಮಾರ ಪರದೆ ಇಣುಕಿದ. ಬಹಳ ಹೊತ್ತು ನೋಡಿದ. "ಮಾವಾರ, ನಾ ಇಷ್ಟು ಚಂದ ಯಾವ ಫೋಟೋದಾಗೂ ಬಂದಿಲ್ರಿ" ಎಂದ. ಈ ಸಲ ಅದು ಖರೇ ಹೊಗಳಿಕೆ. ವೈಜನಾಥರು ಬೇರೆ ಕಡೆ ಮುಖ ಮಾಡಿ, ಗುಂಡಿ ಒತ್ತಿ ಅಳಿಸಿದರು.

ಅವರು ಸೆಲ್ಲಾರಿಗೆ ವಾಪಸ್ ಬಂದಾಗ ಆರತಿ ಮುಗಿದು ಪ್ರಸಾದ ಹಂಚುತ್ತಿದ್ದರು. ಎಲ್ಲರೂ ಅವರತ್ತ ತಿರುಗಿದರು.

"ಬಂದಿಲ್ಲವ್ವ" ಎಂದರು ವೈಜನಾಥರು ಮಗಳಿಗೆ. "ಮತ್ತ ಬ್ಲರ್ ಆತು. ಏನೂ ಕಾಣವಲ್ದು. ನಂದೇ ತಪ್ಪು. ಇನ್ನ ಮ್ಯಾಲೆ ಆ ಲೆನ್ಸ್ ಮುಟ್ಟಂಗಿಲ್ಲ."

ಮುಸಿಮುಸಿ ನಗು ಕೇಳಿಸಿತು. ಮೃಣಾಲಿನಿ ಸೆರಗು ಬಾಯಿಗೆ ಅಡ್ಡ ಹಿಡಿದರು. ವೈಜನಾಥರು ನಗುವನ್ನೆಲ್ಲ ತಲೆಯೊಡ್ಡಿ ನಿಂತು ಎರೆಸಿಕೊಂಡರು. ಮಗಳ ಸಂಸಾರ ಉಳಿಯಿತಲ್ಲ, ಅದೊಂದು ಸಮಾಧಾನ. ಸ್ನೇಹಲತಾಳಿಗೆ ಅಪ್ಪನ ಮೇಲೆ ಪಾಪ ಅನ್ನಿಸಿತು, ಹೆಗಲ ಮೇಲೆ ಕೈಯಿಟ್ಟಳು. "ಹೋಗಲಿ ಬಿಡಪ್ಪ. ಅವ್ವ ಆರತಿ ಮುಗಿಯೋತನ ಫೋನು ಇಳಸದ ಎಲ್ಲಾ ವಿಡಿಯೋ ತಗದಾಳ. ಆಗಲೇ ಮನೆಯವರ ಗುಂಪಿನಾಗ ಹಾಕ್ಯಾಳ."

ವಿಜಯಶ್ರೀಯ ಫೋನು ಆಗಲೇ ಬಡಿದುಕೊಂಡಿತು. ಗಂಗಾವತಿಯಿಂದ ಬೀಗತಿ ಅಂಬವ್ವ, ಮಹೇಶಕುಮಾರನ ತಾಯಿ. ಗದ್ದಲದಲ್ಲಿ ಕೇಳಿಸುವುದಿಲ್ಲವೆಂದು ವಿಜಯಶ್ರೀ ಸ್ಪೀಕರ್ ಹಾಕಿದರು. ಸೆಲ್ಲಾರಿನ ತುಂಬ ಅಂಬವ್ವನ ಖುಷಿಯ ದನಿ ತುಂಬಿತು.

"ವಿಡಿಯೋ ಭಾಳ ಚಲೋ ಬಂದೈತ್ರಿ ಬೀಗರ! ಕೂಸಿನ ಮುಖ ಕಾಣ್ತೈತಿ, ಹಣ್ಣು ಕಾಣ್ತಾವು, ಹಿಂದಿನ ಚಾದಂಗಡಿ ಬೋರ್ಡಿನ ಅಕ್ಷರ ಸುದ್ದಾ ಓದಾಕ ಬರ್ತಾವು! ಮತ್ತ ನಮ್ಮ ಮಹೇಶಗ ರಜಾ ಸಿಕ್ತೇನು? ಡ್ಯೂಟಿ ಐತಿ ಅಂದಿದ್ದ. ಮಾವ ಅಳಿಯ ಅಂಗಡಿ ಮುಂದ ಕೈ ಕೈ ಹಿಡಕೊಂಡು ನಿಂತಾರಲ್ಲ, ನೋಡಿ ನನಗ ಕಣ್ಣಾಗ ನೀರ ಬಂತ್ರಿ!"

ನಗು ನಿಂತಿತು. ಸ್ನೇಹಲತಾಳ ಕೈ ಅಪ್ಪನ ಹೆಗಲ ಮೇಲಿಂದ ನಿಧಾನವಾಗಿ ಇಳಿಯಿತು. ವಿಜಯಶ್ರೀ ಫೋನು ಕಟ್ ಮಾಡಿ, ವಿಡಿಯೋ ತೆರೆದು, ಎರಡು ಬೆರಳಿನಿಂದ ದೊಡ್ಡದು ಮಾಡಿ, ಗಂಡನ ಮೂಗಿನ ಮುಂದೆ ಹಿಡಿದರು.

"ನೀವು ಫೋಕಸ್ ಬಲ್ಲವ್ರು. ಇದೂ ಬ್ಲರ್ ಆಗೈತೇನು, ಸ್ವಲ್ಪ ನೋಡಿ ಹೇಳ್ರಿ."